ಹೊನ್ನವ್ವನ ಒಡಪು

ಹೂಂ ಅನ್ನಾವರು ಮುಂದ ಬರ್ರಿ, ನಿದ್ದಿ ಬಂದಾವರು ಹಿಂದ ಸರೀರಿ. ಯಾವುದೋ ಒಂದು ಸೀಮಿ, ಅದರ ಹೆಸರು ನನಗೂ ಗೊತ್ತಿಲ್ಲ. ಆ ಸೀಮ್ಯಾಗ ಹೊನ್ನವ್ವ ಅಂತ ಒಬ್ಬಾಕಿ ಇದ್ಲು. ಆಕಿ ಗಂಡ ಕಂಬಳಿ ಮಾರಾಂವ. ಊರ ಮಂದಿಗೆ ಬಾಳ ಮೆತ್ತಗ, ಮನಿಗೆ ಬಂದ ಅಂದ್ರ ಕೈ ಸುಮ್ನ ಇರ್ತಿದ್ದಿಲ್ಲ. ಉಪ್ಪು ಹೆಚ್ಚಾದ್ರ ಹೊಡೆದ, ಕಡಿಮಿ ಆದ್ರ ಹೊಡೆದ, ಸರಿ ಇದ್ರೂ ಹೊಡೆದ.

ಒಮ್ಮೆ ಅಂವ ಮೂರು ದಿನದ ಸಂತಿಗೆ ಹೊಂಟ. "ಬಂದ ಮ್ಯಾಲ ನಿನ್ನ ಮುಗಸ್ತೀನಿ" ಅಂದು ಹೋದ. ಆ ಸೀಮ್ಯಾಗ ಸಂಸಾರದ ತಕರಾರು ಕೇಳಾಕಂತನ ಒಂದು ನ್ಯಾಯದ ಕಟ್ಟಿ ಇತ್ತು. ಅಲ್ಲಿ ಅರ್ಜಿ ಕೊಟ್ರ, ಹೊಡೆಯಾಂವ ಹೊಸ್ತಿಲ ದಾಟಬಾರದು ಅಂತ ಹುಕುಂ ಸಿಗ್ತಿತ್ತು. ಅಂವ ಬರೂದರಾಗ ಹುಕುಂ ಕೈಯಾಗ ಇದ್ರ ಜೀವ ಉಳೀತು. ಇಲ್ಲಾಂದ್ರ ಇಲ್ಲ.

ಮೊದಲನೇ ದಿನ ಓಡಿದ್ಲು. ಕಾರಕೂನ ಹಾಳಿ ತಗದ. "ಹೊಡೆಯಾವನ ಹೆಸರು?"

"ನಮ್ಮ ಮನಿಯವರ್ರೀ."

"ಎಲ್ಲಾರೂ ಹಂಗ ಅಂತಾರ, ತಂಗಿ. ಹೆಸರು ನಿನ್ನ ಬಾಯಿಲೆ ಬರಬೇಕು. ಇಲ್ಲಿ ಕಾನೂನು ಹಂಗೈತಿ."

ಈಗ ಕೇಳ್ರಿ. ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ ಅಂತ ಅವ್ವ ಹೇಳಿಕೊಟ್ಟಿದ್ಲು. ಸಾಯೂ ಹಂಗ ಹೊಡಿಸಿಕೊಂಡಾಕಿ, ಹೊಡೆದಾವನ ಆಯುಷ್ಯದ ಚಿಂತಿ ಮಾಡ್ಕೊಂತ ನಿಂತ್ಲು. ಏನನ್ನೂಣು? ಹೆಸರು ಹೇಳದನ ತಿರುಗಿ ಬಂದ್ಲು.

ಎರಡನೇ ದಿನ ಮತ್ತ ಹೋದ್ಲು. "ಕಂಬಳಿ ಮಾರಾವರ್ರೀ" ಅಂದ್ಲು.

"ಕಂಬಳಿ ಮಾರಾವರು ನಲವತ್ತು ಮಂದಿ ಅದಾರ. ಯಾರನ್ನ ತಡೀಲಿ?"

ಮತ್ತ ತಿರುಗಿ ಬಂದು ಬಾಗಿಲದಾಗ ಕುಂತ್ಲು. ಮದಿವ್ಯಾಗ ಇದ ಹೊಸ್ತಿಲದಾಗ ನಾದಿನಿಗೋಳು ಅಡ್ಡ ನಿಂತು, "ಒಡಪು ಹಾಕಿ ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ" ಅಂದಿದ್ರು. ಪ್ರಾಸ ಕಟ್ಟಿ, ಕಡೀಕ ಹೆಸರು ಸೇರಿಸಿ ಹಾಡೂದ ಒಡಪು; ಹಂಗ ಹಾಡಿದ್ರ ಹೆಸರಿಗೆ ದೋಷ ಇಲ್ಲ. ಅದು ನೆನಪಾಗಿ ಆಕಿ ರಾತ್ರಿಯೆಲ್ಲಾ ಮಾತು ಜೋಡಿಸ್ಕೊಂತ ಕುಂತ್ಲು.

ಮೂರನೇ ದಿನ ಆಕಿ ಕಟ್ಟಿ ಏರಿದ್ಲು. ಸಂತಿಯಿಂದ ಬಂದ ಗಂಡ ಸುದ್ದಿ ಕೇಳಿ ನೆಟ್ಟಗ ಅಲ್ಲಿಗೇ ಬಂದ. ಆಕಿ ಬೆನ್ನ ಹಿಂದ ನಿಂತು, ನಕ್ಕೋತ, "ಹೇಳಲಿ ಬಿಡ್ರಿ, ನೋಡೂಣು. ಹೇಳದಿದ್ರ ಕೈ ಹಿಡಕೊಂಡು ಮನಿಗೆ ಕರಕೊಂಡು ಹೋಗ್ತೀನಿ" ಅಂದ. ಅವನ ಉಸಿರು ಆಕಿ ಕುತ್ತಿಗಿಗೆ ತಾಗ್ತಿತ್ತು. ಹೊನ್ನವ್ವ ಬಾಯಿಗೆ ಹಿಡಿದಿದ್ದ ಸೆರಗು ತಗದ್ಲು.

"ಮುಂಜಾನೆ ಒಲಿ ಮುಂದ ಕುಂತರ ಒದ್ದ,
ಉಂಡ ತಾಟು ಎತ್ತಾಕ ಬಾಗಿದರ ಒದ್ದ,
ಬಸುರಿದ್ದಾಗ ಹೊಟ್ಟೀಗೇ ಒದ್ದ,
ಹೆಸರು ಕೇಳ್ತೀರಿ? ನನ ಗಂಡ ಗುರುಸಿದ್ದ."

ಕಾರಕೂನ ಬರಕೊಂಡ.

"ನನ್ನ ಹೆಸರು ಹೇಳಿ ನನ್ನ ಆಯುಷ್ಯ ತಿಂದ್ಲು" ಅಂತ ಗುರುಸಿದ್ದ ಒದರಿದ.

ನ್ಯಾಯ ಹೇಳೋ ಹಿರಿಯ ಅವನ್ನ ನೋಡಿದ. "ಗುರುಸಿದ್ದ ಈಕಿ ಹೊಸ್ತಿಲ ದಾಟಬಾರದು, ಇದು ಹುಕುಂ. ಈಕಿ ಹೆಸರೂ ಬರೀಬೇಕಲ್ಲಪಾ. ನಿನ್ನ ಹೆಂಡ್ತಿ ಹೆಸರು ನೀನ ಹೇಳು."

ಗುರುಸಿದ್ದ ಬಾಯಿ ತೆರೆದ. ಏಳು ವರ್ಷ "ಏಯ್" ಅಂದಿದ್ದ, "ಮೂದೇವಿ" ಅಂದಿದ್ದ, "ಸತ್ತಾಕಿ" ಅಂದಿದ್ದ. ಹೆಸರು ಬರಲಿಲ್ಲ.

"ಹೊನ್ನವ್ವ" ಅಂತ ಆಕಿನ ಹೇಳಿದ್ಲು. ಅದಕ್ಕ ಒಡಪು ಬೇಕಾಗಲಿಲ್ಲ. ಹುಕುಂ ಸೆರಗಿನ್ಯಾಗ ಕಟಗೊಂಡು ಮನಿಗೆ ಹೋದ್ಲು. ಒಳಗಿಂದ ಅಗಳಿ ಹಾಕಿ, ಸಾಕಾಗೂ ತನಕ ಅತ್ತು, ಆಮ್ಯಾಲ ಎರಡು ರೊಟ್ಟಿ ಬಡಿದು ಉಂಡ್ಲು.

ಹೊನ್ನವ್ವ ಬಾಗಿಲ ಹಾಕ್ಯಾಳ, ನಾನೂ ಬಾಯಿ ಮುಚ್ಚತೀನಿ. ಗಂಡಸರು ಒಬ್ಬೊಬ್ಬರ ಏಳ್ರಿ. ಏಳುವಾಗ ಮನಿಯಾಕಿ ಹೆಸರು ಹೇಳಿ ಏಳ್ರಿ.