ಚಂದ್ರಕಾಂತ ಡಾಕ್ಟರ ಮ್ಯಾಲಿನ ದೂರು

ನಗ್ತೀರೇನು? ನಗ್ರಿ, ನಗ್ರಿ! ಮೆಡಿಕಲ್ ಕೌನ್ಸಿಲ್‌ನವರು ಕರಿಸಿದ ದಿನಾ ಹಿಂಗ ನಗ್ರಿ ಮತ್ತ! ಇಲ್ಲ, ನೀರು ಬ್ಯಾಡ ನನಗ. ಬಾಗಲಾ ಯಾಕ ಹಾಕ್ಲಿಕ್ಕತ್ತೀರಿ? ತಗದಿಡ್ರಿ. ಹೊರಗ ಕೂತ ಪೇಷಂಟ್‌ಗಳು ಕೇಳ್ಲಿ. ಮಲ್ಕಾಜ್‌ಗಿರಿಯ ಕನ್ನಡದವರೆಲ್ಲಾ ಕೇಳ್ಲಿ, ಚಂದ್ರಕಾಂತ ಡಾಕ್ಟರು ನಮ್ಮ ಮನಿಯವರಿಗೆ, ಜಯತೀರ್ಥರಾಯರಿಗೆ, ಏನು ಮಾಡಿದ್ರು ಅಂತ!

ಸುಹಾಸಿನಿ ವೈನಿಗೆ ಏನು ತಿಳೀತದ ಅಂದ್ಕೊಂಡಿದ್ರಿ, ಹೌದಲ್ಲೋ? ನಾನೂ ಗುಲಬರ್ಗಾದಾಗ ಬಿ.ಎಸ್ಸಿ. ಮಾಡೀನಿ, ಪ್ರಾಣಿಶಾಸ್ತ್ರ. ಕಪ್ಪಿ ಕೊಯ್ದ ಕೈ ಇದು! ಈ ನೋಟ್‌ಬುಕ್ ನೋಡ್ರಿ. ನಮ್ಮ ಮನಿಯವರ ಒಂದೊಂದು ದಿನಾ ಬರದಿಟ್ಟೀನಿ. ಜೂನ್ ಒಂಬತ್ತು: ಸಂಧ್ಯಾವಂದನಿ ಮುಗಿಸಿ ಕೂತ ಮಣಿಯಿಂದ ಏಳ್ಲಿಕ್ಕೆ ಆಗ್ಲಿಲ್ಲ, ಗ್ವಾಡಿ ಹಿಡದು ಎದ್ರು. ಜೂನ್ ಹದಿಮೂರು: ಬಾಯಿ ಒಣಗ್ತದ, ಊಟಕ್ಕ ಕೂತ್ರ ಮೂರು ಲೋಟ ನೀರು. ಜುಲೈ ನಾಲ್ಕು: ಮೆಟ್ಟಲ ಹತ್ತಲಾರರು. ಮೊದಲಿನ ನಾಲ್ಕು ಭಾಳ ಕಷ್ಟ, ಆಮ್ಯಾಲೆ ಸ್ವಲ್ಪ ಹಗುರ... ಇದು ವಿಚಿತ್ರ ಅಂತ ಕೆಂಪು ಗೆರಿ ಎಳದೀನಿ ನೋಡ್ರಿ, ಕೆಂಪು ಗೆರಿ!

ನೀವೇನಂದ್ರಿ? 'ರಿಟೈರಾದ ಗಂಡಸರದ್ದು ಹಿಂಗೇ ವೈನಿ, ಎಲ್ಲಾ ಮನಸ್ಸಿಂದು.' ಮೊದಲು ವಿಟಮಿನ್ ಸೂಜಿ. ಆಮ್ಯಾಲೆ ನಿದ್ದಿ ಗುಳಗಿ. ಆಮ್ಯಾಲೆ ಮನಸ್ಸಿನ ಗುಳಗಿ! ಮೂವತ್ತು ವರ್ಷ ಗೂಡ್ಸ್ ಗಾಡಿ ಗಾರ್ಡ್ ಆಗಿದ್ದ ಮನಷ್ಯಾಗ ಮನಸ್ಸಿನ ರೋಗ! ಏಳು ತಿಂಗಳು... ಏಳು ತಿಂಗಳು, ಡಾಕ್ಟರ!

ಗಚ್ಚಿಬೌಲಿ ದವಾಖಾನ್ಯಾಗ ಆ ನೇತ್ರಾ ಅನ್ನೋ ಹುಡುಗಿ, ನರದ ಡಾಕ್ಟರು, ನನ್ನ ಮಗಳ ವಯಸ್ಸಿನಾಕಿ. ಕೂತು ನೋಟ್‌ಬುಕ್ ಪೂರಾ ಓದಿದ್ಳು. ಸಣ್ಣ ಸುತ್ತಿಗಿ ತಗೊಂಡು ಇವರ ಮಣಕಾಲಿಗೆ ಬಡದ್ಳು. ಕಾಲು ಮಿಸುಕಲಿಲ್ಲ. 'ಹತ್ತು ಸೆಕೆಂಡು ಜೋರಾಗಿ ಕಾಲು ಒತ್ತಿ ಹಿಡೀರಿ ಕಾಕಾ' ಅಂದು ಮತ್ತ ಬಡದ್ಳು. ಪಟಕ್ಕನ ಎಗರಿತು! ಅಷ್ಟರಾಗ ಆಕಿಗೆ ಸಂಶಯ ಬಂತು. ನೀವು ಆ ಸುತ್ತಿಗಿ ಒಮ್ಮೆಯಾದ್ರೂ ಕೈಯಾಗ ಹಿಡದಿದ್ರೇನು? ತಲಿ ಯಾಕ ಕೆಳಗ ಹಾಕ್ತೀರಿ? ಹಿಡದಿಲ್ಲ ಅಂತ ಬಾಯಿ ಬಿಟ್ಟು ಹೇಳ್ರಿ!

ಲ್ಯಾಂಬರ್ಟ್-ಈಟನ್ ಅಂತ ಅದರ ಹೆಸರು. ಬರಕೊಳ್ರಿ, ಮುಂದಿನ ಪೇಷಂಟ್‌ಗೆ ಬೇಕಾಗ್ತದ! ಶ್ವಾಸಕೋಶದಾಗ ಕ್ಯಾನ್ಸರ್ ಗಂಟು ಹುಟ್ಟಿರ್ತದ. ಅದರ ಜೋಡಿ ಜಗಳಕ್ಕ ಹೊಂಟ ದೇಹ, ದಾರ್ಯಾಗ ತನ್ನ ನರಗಳನ್ನೂ ಹೊಡೀತದ. ಕೆಮ್ಮು ಬರೋದಕಿಂತ ಮೊದಲ ಕಾಲು ಸೋಲ್ತಾವ. ಅದಕ್ಕ ಕಾಲು ಸೋತವರ ಎದಿ ನೋಡಬೇಕಂತ. ಆವಾಗ ನೋಡಿದ್ರ ಗಂಟು ಎದಿಯಾಗ ಇದ್ದಾಗನ ಸಿಗ್ತಿತ್ತೋ ಏನೋ. ಈಗ? ಈಗ ಲಿವರಿಗೆ ಹೋಗ್ಯದ! ಸೋಮವಾರದಿಂದ ಕಿಮೋ. ನರಕ್ಕ ಬ್ಯಾರೆ ಗುಳಗಿ ಕೊಟ್ಟಾರ. ನಿನ್ನೆ ಕುರ್ಚಿಯಿಂದ ಯಾರ ಕೈನೂ ಹಿಡೀದಂಗ ಎದ್ರು. ಎದ್ದು ನನ್ನ ನೋಡಿ ನಕ್ರು, ಪೂರಾ ಆರಾಮಾದವರಂಗ...

ಕಣ್ಣು ಒರಸ್ಕೊಬ್ಯಾಡ್ರಿ. ನಿಮ್ಮ ಕಣ್ಣೀರು ಬಿಲ್ಕುಲ್ ಬ್ಯಾಡ ನನಗ. ನಿಮ್ಮ ಬೋರ್ಡು ಇಳೀಬೇಕು. ಈ ಕುರ್ಚಿಯಾಗ ನೀವು ಮತ್ತ ಕೂಡಬಾರದು. ಒಂದ ಪ್ರಶ್ನಾ: ಎದಿ ಎಕ್ಸ್‌ರೇ ಯಾಕ ಮಾಡಿಸ್ಲಿಲ್ಲ? ಹೇಳ್ರಿ! ಒಂದು ಎಕ್ಸ್‌ರೇ!

ಏನು ತಗೀಲಿಕ್ಕತ್ತೀರಿ? ಇವರ ಕೇಸ್ ಪೇಪರ್ರೇನು? ನನಗ್ಯಾಕ ಅದು? ನಾನು ಬರದಿಟ್ಟದ್ದು ಸಾಲದೇನು... ಕೊಡ್ರಿ. 'ಜೂನ್ ಹದಿನಾರು. ಸಿಗರೇಟು, ಬೀಡಿ: ಇಲ್ಲ. ಪತ್ನಿ ಹೇಳಿದ್ದು.'

'ಎದೆಯ ಎಕ್ಸ್‌ರೇ ಸೂಚಿಸಿದೆ. ಬೇಡವೆಂದರು. ಪತ್ನಿ.'

ಹಂಗ ನೋಡಬ್ಯಾಡ್ರಿ ನನ್ನ!

ಮತ್ತೇನು ಹೇಳಬೇಕಿತ್ತು? ಆವಾಗ ನಮ್ಮ ಮಗಳು ಹರ್ಷದಾಳ ಜಾತಕ ನಿಮ್ಮ ಅಕ್ಕನ ಮಗ ನಚಿಕೇತನ ಜೋಡಿ ಕೂಡಿತ್ತು. ನಿಶ್ಚಯಕ್ಕ ಎಂಟು ದಿನಾ ಇತ್ತು. ಹುಡುಗನ ಸೋದರಮಾವನ ಮುಂದ ಕೂತು, ಹೆಣ್ಣಿನ ತಂದಿ ಸಿಗರೇಟು ಸೇದ್ತಾರ ಅಂತ ಹೇಳ್ಲೇನು? ಎಕ್ಸ್‌ರೇದಾಗ ಏನಾದ್ರೂ ಬಂದಿದ್ರ, ಸಂಜಿಯೊಳಗ ನಿಮ್ಮ ಅಕ್ಕಗ ಗೊತ್ತಾಗ್ತಿರಲಿಲ್ಲೇನು? ಈ ಊರಾಗ ನಮ್ಮ ಮಂದಿಗೆ ಡಾಕ್ಟರೂ ನೀವ, ಬೀಗರೂ ನೀವ! ಬ್ಯಾರೆ ಡಾಕ್ಟರ್ ಇದ್ದಿದ್ರ ಹೇಳ್ತಿದ್ದೆ... ಹೇಳ್ತಿದ್ದೆ ನಾನು...

ಮದುವಿ ಆದ ಮ್ಯಾಲೆ ಯಾಕ ಹೇಳ್ಲಿಲ್ಲ ಅಂತ ಕೇಳಾವ್ರಿದ್ದೀರಿ. ಕೇಳ್ರಿ.

ನೇತ್ರಾ ನನ್ನ ಹೊರಗ ಕಳಿಸಿ ಇವರನ್ನೊಬ್ಬರನ್ನ ಕೇಳಿದ್ಳು. ಒಂದ ಮಾತಿಗೆ ಹೇಳಿಬಿಟ್ರು, 'ದಿನಕ್ಕ ಒಂದು ಪಾಕೀಟು' ಅಂತ. ನಿಮ್ಮ ಮುಂದನೂ ಹೇಳಾವ್ರಿದ್ರು. ಬಾಯಿ ತಗದಿದ್ರು. ನಾನ ಈ ಟೇಬಲ್ಲಿನ ಕೆಳಗ ಅವರ ಪಾದ ತುಳದೆ. ಜೋರಾಗಿ ತುಳದೆ.

ಮನಿಗೆ ಹೋಗಿ ಕೇಳ್ಲಿಲ್ಲ ಅವರು, ಯಾಕ ತುಳದಿ ಅಂತ. ಗಚ್ಚಿಬೌಲಿಯಿಂದ ಬರಬೇಕಾದ್ರ, ಅಷ್ಟು ದೂರ, ಆ ಟ್ರಾಫಿಕ್‌ನಾಗ ಬಾಜೂಕ ಕೂತು... ಒಂದು ಮಾತು ಅನ್ಲಿಲ್ರೀ.

ಚಂದ್ರಕಾಂತ... ನೀವಾದ್ರೂ ಬೈರಿ ನನ್ನ. ಕೈ ಮುಗೀತೀನಿ, ಒಂದು ಮಾತು ಬೈರಿ!