ಲೋಸಾಳ ಅಪ್ಪ

ಕೋರ್ಟಿನ ಆದೇಶದಂತೆ ಅಪ್ಪಂದಿರು ಮಕ್ಕಳನ್ನು ನೋಡಲು ಬರುವ, ಈ ಪರದೇಶದ ಮಾಂಗೆರೆ ಎಂಬ ಊರಿನ ಕೇಂದ್ರದಲ್ಲಿ ನಾನೂ ಮಗನಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಟೋಂಗಾ ದ್ವೀಪದ ಅಕ್ಕ, ತಮ್ಮ ಕುಳಿತಿದ್ದರು.

“ನಾನೂ ಒಳಗೆ ಬರ್ತೀನಿ ಕಣೋ ಫೆಲೆಟಿ. ಸೋದರತ್ತೆ ನಾನು, ಮಗುಗೆ ಹೆಸರಿಟ್ಟೋಳು.”

“ಕೋರ್ಟು ಬಿಟ್ಟಿರೋದು ನನ್ನೊಬ್ಬನ್ನೇ ಅಕ್ಕ. ಶನಿವಾರ, ಎರಡು ಗಂಟೆ.”

“ಅತ್ತೆ ಅಂದ್ರೆ ಏನು ಗೊತ್ತು ಕೋರ್ಟಿಗೆ!”

“ಮದುವೆಯಾಗದ ಅಪ್ಪ ಅಂದ್ರೂ ಗೊತ್ತಿರ್ಲಿಲ್ಲ. ಬರ್ತ್ ಸರ್ಟಿಫಿಕೇಟಲ್ಲಿ ನನ್ನ ಹೆಸರೇ ಇಲ್ವಲ್ಲ.”

“ನಾನಿಟ್ಟ ಹೆಸರಿದೆಯಲ್ಲ, ಲೋಸಾ ಅಂತ.”

“ಅವಳನ್ನ ನೋಡಿ ಎರಡು ವರ್ಷ ಆಯ್ತು. ಗುರುತು ಹಿಡೀತಾಳಾ ಅಕ್ಕ?”

“ನಿನ್ನ ಮೂಗೇ ಬಂದಿದೆ, ಪಾಪ. ದಿನಾ ಕನ್ನಡೀಲಿ ಅದನ್ನೇ ನೋಡ್ತಾಳೆ.”

ಒಳಗಿಂದ ಬಾಗಿಲು ತೆರೆದ ಕೇಂದ್ರದ ಹೆಂಗಸು ಕೂಗಿದಳು: “ಲೋಸಾಳ ಅಪ್ಪ ಯಾರು?”

ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

“ನಿನ್ನನ್ನೇ ಕಣೋ,” ಅಂಗಿಯ ಕಾಲರ್ ಸರಿಮಾಡುತ್ತ ಅಕ್ಕ ಹೇಳಿದಳು. “ಹೋಗು.”