ಯಂತ್ರಕ್ಕೆ ತೆಗೆದ ದೃಷ್ಟಿ

“ತಾನೇ ಓಡಾಡ್ಕೊಂಡು ಕಸ ಗುಡಿಸೋ ಮಿಷನ್ನಿಗೂ ಯಾರಾದ್ರೂ ದೃಷ್ಟಿ ತೆಗೀತಾರಾ?”

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಯಾರನ್ನೂ ನೋಡದೆ ಕೇಳಿದಳು. ನಾನು ಹೇಳಿಕೊಳ್ಳುತ್ತಿದ್ದ ವಚನ ಅರ್ಧಕ್ಕೇ ನಿಂತಿತು. ಉತ್ತರ ಕೊಟ್ಟವಳು ಆಚೆ ಬದಿ ಕೂತಿದ್ದ ಅವಳ ವಾರಗಿತ್ತಿ; ಮೊಳಕಾಲ್ಮುರಿನ ಅತ್ತೆಮನೆಗೆ ಹೊರಟವಳು.

“ಅತ್ತೆ ಸುಮ್ನೆ ತೆಗೆದ್ರು ಬಿಡು, ಓಬಕ್ಕ.”

“ನಾನು ನೋಡ್ಕೊಂಡು ಬಂದ ಮಾರನೇ ದಿನವೇ ಸುಮ್ನೆ ತೆಗೆದ್ರಾ, ಹರ್ಷಿತಾ?”

“ಅವತ್ತು ಅದು ಮಗ್ಗದ ಗುಂಡಿಗೆ ಬಿತ್ತಲ್ಲಕ್ಕ. ನೇಯೋರು ಕಾಲು ಇಳಿಬಿಡೋ ಗುಂಡಿ ಅದಕ್ಕೆ ಕಾಣಲ್ಲ. ಕಮ್ಮಿ ಬೆಲೇದು.”

“ಕಾಣದೆ ಬಿದ್ದಿದ್ದು ಅದು, ಕೆಟ್ಟ ಕಣ್ಣು ನಂದಾ? ಹೋಗ್ಲಿ, ಗಾರೆ ನೆಲ ಹೆಂಗೆ ಗುಡಿಸ್ತೈತೆ?”

“ಕನ್ನಡಿ ಹಂಗೆ.”

“ಕಂಬಳಿ ಮೇಲೆ?”

“ಹತ್ತತೈತೆ. ಆದ್ರೆ ಕುಚ್ಚು ಸುತ್ಕೊಂಡು ನಿಂತು ಕೂಗ್ತೈತೆ. ಅತ್ತೆ ಓಡಿಬಂದು ಬಿಡಿಸ್ತಾರೆ.”

“ಓಡಿಬಂದು! ಬೇರೆ ಮನೆ ಮಾಡೋವರೆಗೂ ನಾನೇ ಅಲ್ವಾ ಅಲ್ಲಿ ಗುಡಿಸಿದ್ದು? ಸೊಂಟ ಹಿಡ್ಕೊಂಡು ನಿಂತ್ರೆ ‘ಏನಾಯ್ತವ್ವಾ’ ಅಂತ ಒಂದು ಮಾತು ಕೇಳಿದೋರಲ್ಲ. ಅದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸ್ತಾರೆ.”

ಮೊಳಕಾಲ್ಮುರಿನ ಬಸ್ಸು ಬಂತು. ಹರ್ಷಿತಾ ಚೀಲ ಎತ್ತಿಕೊಂಡಳು.

“ಮಗ್ಗದ ಕೋಣೆಗೆ ಇನ್ನು ಅದನ್ನ ಬಿಡಂಗಿಲ್ಲಕ್ಕ. ಶುಕ್ರವಾರ ಸೀರೆ ನೋಡೋಕೆ ಜನ ಬರ್ತಾರೆ. ಗುಂಡಿ ಒಳಗಿನ ಧೂಳು, ನೂಲಿನ ಚೂರು ತೆಗೆಯೋಕೆ ನಿನ್ನಷ್ಟು ಯಾರಿಗೂ ಬರಲ್ಲ. ಒಂದು ಸಲ ಬಂದು ಗುಡಿಸಿಕೊಡು. ಅತ್ತೇನೇ ಹೇಳಿ ಕಳಿಸಿದ್ರು.”

ಓಬಕ್ಕನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಸೆರಗು ಬಿಗಿದು ಎದ್ದಳು.

“ಅವರೇ ಬಾಯ್ಬಿಟ್ಟು ಕೇಳಿದ್ರೂ ಅಷ್ಟೇ. ನಾನು ಬರಲ್ಲ.”